ಬೀಜ ಗ್ರಾಮ (ಧಾರವಾಡ ಕೃಷಿ ವಿಶ್ವವಿದ್ಯಾಲಯ)

ಬೀಜ ಗ್ರಾಮವು ಧಾರವಾಡ ಕೃಷಿ ವಿಶ್ವವಿದ್ಯಾಲಯ ಹಾಗೂ ರೈತರ ಸಹಭಾಗಿತ್ವದಲ್ಲಿ ಹಳ್ಳಿಗಳಲ್ಲಿಯೇ ಗುಣಮಟ್ಟದ ಬಿತ್ತನೆ ಬೀಜವನ್ನು ಉತ್ಪಾದಿಸುವ ಕಾರ್ಯಕ್ರಮವಾಗಿದೆ. ಈ ವಿಶ್ವವಿದ್ಯಾಲಯವು 1986ರ ಅಕ್ಟೋಬರ್ 1ರಂದು ಸ್ಥಾಪನೆಯಾಯಿತು.

ಕಾರ್ಯವಿಧಾನ

ವಿಶ್ವವಿದ್ಯಾಲಯವು ಸುಧಾರಿತ ತಳಿಗಳ ಬೀಜವನ್ನೂ ತರಬೇತಿಯನ್ನೂ ನೀಡುತ್ತದೆ. ರೈತರು ಬೆರಕೆ ಗಿಡಗಳನ್ನು ಕಿತ್ತುಹಾಕಿ ತಳಿಶುದ್ಧತೆಯನ್ನು ಕಾಯ್ದುಕೊಳ್ಳುತ್ತಾರೆ. ಹೆಸರು, ಕಡಲೆ, ಶೇಂಗಾ ಮತ್ತು ಸೋಯಾ ಅವರೆ ಸ್ವಪರಾಗಸ್ಪರ್ಶದ ಬೆಳೆಗಳಾದುದರಿಂದ, ಉಳಿಸಿದ ಬೀಜವನ್ನು ಕೆಲವು ಹಂಗಾಮುಗಳವರೆಗೆ ಮತ್ತೆ ಬಿತ್ತಬಹುದು. ಸಂಕರಣ ತಳಿಗಳಲ್ಲಿ ಇದು ಸಾಧ್ಯವಿಲ್ಲ.

ಮಹತ್ವ ಮತ್ತು ಮಿತಿ

ಕುಂದಗೋಳ ತಾಲ್ಲೂಕಿನ ಕಪ್ಪು ಮಣ್ಣಿನ ಬೇಸಾಯವು ಬಹುಪಾಲು ಮಳೆಯಾಶ್ರಿತ. ಬಿತ್ತನೆಯ ಹದ ಕೆಲವೇ ದಿನ ಉಳಿಯುವುದರಿಂದ, ಬೀಜ ಸಕಾಲಕ್ಕೆ ದೊರೆಯದಿದ್ದರೆ ಹಂಗಾಮೇ ಕೈತಪ್ಪುತ್ತದೆ. ಇಂತಹ ಪ್ರದೇಶಕ್ಕೆ ಊರಿನಲ್ಲಿಯೇ ಸಿಗುವ ಬೀಜವು ಆಸರೆ. ಆದರೆ ಮಳೆ ವಿಫಲವಾದ ವರ್ಷ ಬೀಜದ ಬೆಳೆಯೂ ನಷ್ಟವಾಗುವುದರಿಂದ, ವಿಶ್ವವಿದ್ಯಾಲಯದ ದಾಸ್ತಾನನ್ನು ಅವಲಂಬಿಸಬೇಕಾಗುತ್ತದೆ.