ರೇಡ್ ಬೇಡಿಕೆಗೆ ಇನ್‌ಸ್ಟಾಲರ್‌ಗಳ ಉತ್ತರ

ಹಲವು ಡಿಸ್ಕ್‌ಗಳನ್ನು ಒಗ್ಗೂಡಿಸಿ ಒಂದರಂತೆ ಬಳಸುವ ರೇಡ್ ವಿಧಾನವನ್ನು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರ ಪ್ರಬಂಧದಲ್ಲಿ ಮಂಡಿಸಿದರು. ತಂತ್ರಾಂಶದಲ್ಲೇ ರೇಡ್ ನಡೆಸುವ ಲಿನಕ್ಸ್ ಕರ್ನಲ್‌ನ ಎಂಡಿ ಡ್ರೈವರ್ ಬಂದ ಮೇಲೆ ಇದಕ್ಕೆ ದುಬಾರಿ ಕಂಟ್ರೋಲರ್ ಕಾರ್ಡ್ ಬೇಕಾಗಲಿಲ್ಲ. ಆಗಿನಿಂದ ಮುಕ್ತ ತಂತ್ರಾಂಶದ ಇನ್‌ಸ್ಟಾಲರ್‌ಗಳನ್ನು ಒಂದು ಬೇಡಿಕೆ ಬೆನ್ನುಹತ್ತಿದೆ: ರೇಡ್ ಜೋಡಣೆಯೂ ಇನ್‌ಸ್ಟಾಲ್ ಮಾಡುವಾಗಲೇ ಮುಗಿಯಲಿ.

ಲಿನಕ್ಸ್ ವಿತರಣೆಗಳಲ್ಲಿ ಡೆಬಿಯನ್ ಇದಕ್ಕೆ ಬೇಗ ಒಪ್ಪಿತು. 2005ರ ‘ಸಾರ್ಜ್’ ಆವೃತ್ತಿಯ ಹೊಸ ಇನ್‌ಸ್ಟಾಲರ್‌ನಲ್ಲಿ ರೇಡ್ ಕಟ್ಟಿ, ಅದರ ಮೇಲೆ ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚಿಕೊಳ್ಳುವ ಎಲ್‌ವಿಎಂ ಕೂರಿಸಬಹುದಿತ್ತು. ಉಬುಂಟು ಬೇರೆ ದಾರಿ ಹಿಡಿಯಿತು. 2006ರ ಡೆಸ್ಕ್‌ಟಾಪ್ ಇನ್‌ಸ್ಟಾಲರ್ ಸರಳವಾಗಿರಲೆಂದು ರೇಡ್ ಕೇಳಿದವರನ್ನು ‘ಆಲ್ಟರ್ನೇಟ್’ ಸಿ.ಡಿ.ಯತ್ತ ಕಳಿಸಿತು. 2012ರ 12.10ರಲ್ಲಿ ಆ ಸಿ.ಡಿ. ನಿಂತಿತು. ಎಲ್‌ವಿಎಂ ಮತ್ತು ಎನ್‌ಕ್ರಿಪ್ಷನ್ ಡೆಸ್ಕ್‌ಟಾಪ್ ಇನ್‌ಸ್ಟಾಲರ್‌ಗೆ ಬಂದವು, ರೇಡ್ ಬರಲಿಲ್ಲ.

ಇನ್‌ಸ್ಟಾಲರನ್ನು ಹೊಸದಾಗಿ ಬರೆದಾಗ ಹಲವು ಸಲ ಮೊದಲು ಪೆಟ್ಟು ತಿನ್ನುವುದು ಬಹು-ಡಿಸ್ಕ್ ಜೋಡಣೆಯೇ. 2018ರಲ್ಲಿ ಉಬುಂಟು ಸರ್ವರ್ 18.04ರ ಹೊಸ ಇನ್‌ಸ್ಟಾಲರ್ ರೇಡ್ ಇಲ್ಲದೆ ಹೊರಬಂತು. ಬೇಕಾದವರಿಗಾಗಿ ಹಳೆಯದನ್ನೂ ಉಳಿಸಿಕೊಳ್ಳಬೇಕಾಯಿತು. 20.04ರ ಹೊತ್ತಿಗೆ ಹೊಸದೇ ರೇಡ್ ಸಹಿತ ಮುಖ್ಯ ಇನ್‌ಸ್ಟಾಲರ್ ಆಯಿತು. ಫ್ರೀಬಿಎಸ್‌ಡಿ 2012ರ 9.0ರಲ್ಲಿ ಹೊಸ ಇನ್‌ಸ್ಟಾಲರ್ ತಂದಿತಾದರೂ ರೇಡ್‌ನ ಕೆಲಸವನ್ನೂ ಮಾಡುವ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಮಿರರ್ (ಡಿಸ್ಕ್‌ಗಳ ತದ್ರೂಪು ಪ್ರತಿ) ಮತ್ತು ರೇಡ್-ಝಡ್ ಆಯ್ಕೆಗಳು ಬಂದದ್ದು 2014ರ 10.0ರಲ್ಲಿ. ಫೆಡೊರಾ 18ರ (2013) ಹೊಸ ಇನ್‌ಸ್ಟಾಲರ್‌ನಲ್ಲಿ ರೇಡ್ ಇತ್ತು, ಆದರೆ ಮೊದಲು ಮೌಂಟ್ ಪಾಯಿಂಟ್ ಹೇಳಿ, ಆಮೇಲೆ ರೇಡ್ ಮಟ್ಟ ಆರಿಸುವ ಕ್ರಮ ಹಳಬರಿಗೆ ಒಗ್ಗಲಿಲ್ಲ. ಡಿಸ್ಕ್‌ನಿಂದಲೇ ಶುರುಮಾಡುವ ಬ್ಲಿವೆಟ್-ಜಿಯುಐ ಎಂಬ ಸಾಧನ 2017ರ ಫೆಡೊರಾ 26ರಲ್ಲಿ ಜೊತೆಯ ಆಯ್ಕೆಯಾಗಿ ಸೇರಿತು.

ಇನ್‌ಸ್ಟಾಲರ್‌ಗೆ ರೇಡ್ ಸೇರಿಸಲು ಇರುವ ಹಿಂಜರಿಕೆಗೆ ಕಾರಣಗಳಿವೆ. ಡೆಬಿಯನ್‌ನ ದೋಷ ಪಟ್ಟಿಯಲ್ಲಿ ‘ವಿಶ್‌ಲಿಸ್ಟ್’ ಎಂಬುದು ತೀರಾ ಕೆಳಗಿನ ದರ್ಜೆ. ಹೊಸ ಸೌಲಭ್ಯದ ಬೇಡಿಕೆಗಳ ಜೊತೆಗೆ, ಮೂಲ ವಿನ್ಯಾಸದಿಂದಾಗಿ ಸರಿಪಡಿಸಲು ಬಹಳ ಕಷ್ಟವಾದ ದೋಷಗಳೂ ಅಲ್ಲಿಗೇ ಸೇರುತ್ತವೆ. ರೇಡ್ ಬೇಡಿಕೆಗೆ ಎರಡು ಗುಣವೂ ಉಂಟು. ರೇಡ್ ಮಟ್ಟ, ಎಲ್‌ವಿಎಂ, ಎನ್‌ಕ್ರಿಪ್ಷನ್, ಬೂಟ್ ವಿಧಾನ ಒಂದರೊಡನೊಂದು ಬೆರೆತಂತೆ ಪರೀಕ್ಷಿಸಬೇಕಾದ ಜೋಡಣೆಗಳು ಬೆಳೆಯುತ್ತಲೇ ಹೋಗುತ್ತವೆ. ಪರೀಕ್ಷಿಸಲು ಹಲವು ಡಿಸ್ಕ್‌ಗಳ ಯಂತ್ರವೂ, ಪುರುಸೊತ್ತಿರುವ ಸ್ವಯಂಸೇವಕರೂ ಬೇಕು.

ಇದರಿಂದ ಒಂದು ನಡುದಾರಿ ಹುಟ್ಟಿತು. ಪರದೆಯಲ್ಲಿ ಗುಂಡಿ ಸೇರಿಸುವ ಬದಲು ಸ್ವಯಂಚಾಲಿತ ಕಡತದಲ್ಲಿ ಅವಕಾಶ ಕೊಡುವುದು: ಫೆಡೊರಾದ ಕಿಕ್‌ಸ್ಟಾರ್ಟ್, ಡೆಬಿಯನ್‌ನ ಪ್ರಿಸೀಡ್ ಎರಡರಲ್ಲೂ ರೇಡ್ ವಿವರ ಬರೆಯಬಹುದು. ಓಪನ್‌ಬಿಎಸ್‌ಡಿ ಇನ್ನೂ ಖಡಕ್ಕು: ಶೆಲ್‌ಗೆ ಹೋಗಿ ‘ಬಯೋಸಿಟಿಎಲ್’ ಆಜ್ಞೆಯಿಂದ ರೇಡ್ ಕಟ್ಟಿ, ಇನ್‌ಸ್ಟಾಲರ್‌ಗೆ ಮರಳಬೇಕು.

ಈ ಎಲ್ಲ ಉತ್ತರಗಳಿಗೂ ನಿಜವಾದ ಒರೆಗಲ್ಲು ಬೂಟ್. ಯುಇಎಫ್‌ಐ ಫರ್ಮ್‌ವೇರ್‌ಗೆ ಲಿನಕ್ಸ್ ರೇಡ್ ಅರ್ಥವಾಗದು. ಅದು ಓದುವುದು ಮಾಮೂಲಿ ಫ್ಯಾಟ್ ವಿಭಾಗವನ್ನು. ಬೂಟ್ ವಿಭಾಗ ಒಂದೇ ಡಿಸ್ಕ್‌ನಲ್ಲಿದ್ದು ಆ ಡಿಸ್ಕ್ ಕೆಟ್ಟರೆ, ಮಿರರ್‌ನಲ್ಲಿ ಮಾಹಿತಿ ಸುರಕ್ಷಿತವಾಗಿದ್ದರೂ ಯಂತ್ರ ಏಳುವುದಿಲ್ಲ. ಉಬುಂಟು ಸರ್ವರ್ 20.04 ಒಂದಕ್ಕಿಂತ ಹೆಚ್ಚು ಡಿಸ್ಕ್‌ಗಳನ್ನು ಬೂಟ್ ಸಾಧನವಾಗಿ ಆರಿಸಲು ಬಿಟ್ಟಾಗ ಈ ಕೊರತೆ ನೀಗತೊಡಗಿತು. ಹಾಗಾಗಿ ‘ರೇಡ್ ಬೇಕು’ ಎಂದಷ್ಟೇ ಬರೆದ ಬೇಡಿಕೆ ಅರ್ಧ ಬೇಡಿಕೆ. ಒಂದು ಡಿಸ್ಕ್ ಕಳಚಿದ ಮೇಲೂ ಯಂತ್ರ ಹೇಗೆ ಬೂಟ್ ಆಗಬೇಕು, ಅದನ್ನು ಯಾರು ಪರೀಕ್ಷಿಸುತ್ತಾರೆ ಎಂಬುದನ್ನೂ ಹೇಳಿದರೆ ಮಾತ್ರ ಅದು ಪೂರ್ಣವಾಗುತ್ತದೆ.