ಪರ್ಪಲ್ ಮೂನ್ ಏಕೆ ಮುಚ್ಚಿತು? ಹುಡುಗಿಯರ ವಿಡಿಯೋ ಗೇಮ್‌ಗಳ ಚರಿತ್ರೆಗೊಂದು ಟಿಪ್ಪಣಿ

1999ರ ಫೆಬ್ರವರಿಯಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿಯಲ್ಲಿದ್ದ ಪರ್ಪಲ್ ಮೂನ್ ಎಂಬ ಪುಟ್ಟ ಕಂಪನಿ ಬಾಗಿಲು ಹಾಕಿತು. ಎಂಟರಿಂದ ಹನ್ನೆರಡು ವರ್ಷದ ಹುಡುಗಿಯರಿಗೆಂದೇ ಕಂಪ್ಯೂಟರ್ ಆಟಗಳನ್ನು ತಯಾರಿಸಲು ಹುಟ್ಟಿದ ಕಂಪನಿ ಅದು. ಮೊದಲ ಆಟ ಅಂಗಡಿಗೆ ಬಂದು ಸುಮಾರು ಒಂದೂವರೆ ವರ್ಷವಾಗಿತ್ತು, ಅಷ್ಟೆ. ಉದ್ಯಮದಲ್ಲಿ ಆಗಲೇ ಬೇರೂರಿದ್ದ ಒಂದು ಮಾತಿಗೆ ಈ ಮುಚ್ಚುಗಡೆ ಪುರಾವೆಯಾಗಿ ಒದಗಿತು: ಹುಡುಗಿಯರು ಗೇಮ್ ಆಡುವುದಿಲ್ಲ, ಆಡಿದರೂ ಬಾರ್ಬಿಯನ್ನು ಬಿಟ್ಟು ಬೇರೇನನ್ನೂ ಕೊಳ್ಳುವುದಿಲ್ಲ. ಇದು ತಪ್ಪು ತೀರ್ಮಾನ ಎಂಬುದು ಈ ಲೇಖನದ ವಾದ. 1990ರ ದಶಕದಲ್ಲಿ ಅಮೆರಿಕದಲ್ಲೂ ಜಪಾನಿನಲ್ಲೂ ನಡೆದ ನಾಲ್ಕು ಪ್ರಯತ್ನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಾವ ಆಟ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ನಿರ್ಧರಿಸಿದ್ದು ಅಂಗಡಿಯ ಕಪಾಟು ಮತ್ತು ಹಣ ಹಾಕಿದವರ ತಾಳ್ಮೆ. ಆಡುವ ಹುಡುಗಿಯರ ಅಭಿರುಚಿಗೆ ಅದರಲ್ಲಿ ಸಿಕ್ಕ ಪಾತ್ರ ಬಹಳ ಚಿಕ್ಕದು.

ಹೆಂಗಸರನ್ನು ಆಟದ ಕಡೆಗೆ ಸೆಳೆಯಬೇಕೆಂಬ ಯೋಚನೆ 90ರ ದಶಕದಲ್ಲಿ ಹೊಸದೇನೂ ಆಗಿರಲಿಲ್ಲ. 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯ ತೋರು ಇವಾತಾನಿ ಪ್ಯಾಕ್‌ಮ್ಯಾನ್ ರೂಪಿಸಿದ್ದೇ ಆ ಉದ್ದೇಶದಿಂದ. ಗುಂಡು ಹಾರಿಸುವ ಆಟಗಳಿಂದ ತುಂಬಿ ಗಂಡಸರ ಅಡ್ಡೆಯಾಗಿದ್ದ ಗೇಮ್ ಕೇಂದ್ರಗಳಿಗೆ ಹುಡುಗಿಯರೂ ಜೋಡಿಗಳೂ ಬರಬೇಕು ಎಂದು ಅವರು ತಿನ್ನುವುದನ್ನೇ ಆಟದ ವಸ್ತುವಾಗಿಸಿದರು. ಮರುವರ್ಷ ಅಟಾರಿಯಲ್ಲಿ ಡೋನಾ ಬೇಲಿ, ಎಡ್ ಲಾಗ್ ಜೊತೆಗೂಡಿ ಸೆಂಟಿಪೀಡ್ ತಯಾರಿಸಿದರು. 1982ರಲ್ಲಿ ಮಿಸ್ ಪ್ಯಾಕ್‌ಮ್ಯಾನ್ ಬಂತು. ಅದೇ ವರ್ಷ ಕ್ಯಾರಲ್ ಶಾ ಬರೆದ ರಿವರ್ ರೇಡ್ ಹೊರಬಂತು. ಅಂದರೆ ಉದ್ಯಮದ ಮೊದಲ ಹಂತದಲ್ಲಿ ಹೆಂಗಸರು ಆಡುವವರಾಗಿಯೂ ಇದ್ದರು, ತಯಾರಿಸುವವರಾಗಿಯೂ ಇದ್ದರು.

1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದು ಬಿತ್ತು. ಎರಡು ವರ್ಷದ ನಂತರ ಜಪಾನಿನ ನಿಂಟೆಂಡೊ ಕಂಪನಿ ತನ್ನ ಯಂತ್ರವನ್ನು ಅಲ್ಲಿಗೆ ತಂದಾಗ ಗೇಮ್ ಯಂತ್ರ ಆಟಿಕೆಯ ರೂಪದಲ್ಲಿ ಮರಳಿತು. ಆಟಿಕೆ ಅಂಗಡಿಯಲ್ಲಿ ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ. ಗೇಮ್ ಹುಡುಗರ ಸಾಲಿಗೆ ಹೋಯಿತು, ಜಾಹೀರಾತು ಅದನ್ನೇ ಹಿಂಬಾಲಿಸಿತು. 1989ರಲ್ಲಿ ಬಂದ ಕೈಯಾಟದ ಯಂತ್ರಕ್ಕೆ ಗೇಮ್ ಬಾಯ್ ಎಂದೇ ಹೆಸರಿಟ್ಟರು. ಹತ್ತು ವರ್ಷದೊಳಗೆ ಈ ವ್ಯಾಪಾರಿ ವಿಂಗಡಣೆ ಪ್ರಕೃತಿ ನಿಯಮದಂತೆ ಕಾಣತೊಡಗಿತು. ಹುಡುಗಿಯರಿಗೆ ಗೇಮ್ ಮಾರುವುದು ಹೇಗೆ ಎಂದು 90ರ ದಶಕದಲ್ಲಿ ತಲೆ ಕೆಡಿಸಿಕೊಂಡವರೆಲ್ಲ ಎದುರಿಸಿದ್ದು ಈ ಗೋಡೆಯನ್ನೇ.

ಬಾರ್ಬಿಯ ದಾರಿ

1996ರಲ್ಲಿ ಬಾರ್ಬಿ ಗೊಂಬೆ ತಯಾರಿಸುವ ಮ್ಯಾಟೆಲ್ ಕಂಪನಿ ಬಾರ್ಬಿ ಫ್ಯಾಶನ್ ಡಿಸೈನರ್ ಎಂಬ ಕಂಪ್ಯೂಟರ್ ಆಟ ಬಿಡುಗಡೆ ಮಾಡಿತು. ಮೊದಲ ಎರಡು ತಿಂಗಳಲ್ಲೇ ಐದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಇದಕ್ಕೆ ಬಾರ್ಬಿ ಎಂಬ ಹೆಸರೊಂದೇ ಕಾರಣ ಎನ್ನುವವರು, 1984ರಲ್ಲಿ ಕಮಡೋರ್ 64 ಯಂತ್ರಕ್ಕೆ ಎಪಿಕ್ಸ್ ಕಂಪನಿ ತಂದಿದ್ದ ಬಾರ್ಬಿ ಆಟ ಇಂಥ ಸದ್ದು ಮಾಡಲಿಲ್ಲ ಎಂಬುದನ್ನು ಮರೆಯುತ್ತಾರೆ. ಹೊಸ ಆಟ ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹುಡುಗಿ ಪರದೆಯ ಮೇಲೆ ಉಡುಪಿನ ಮಾದರಿ, ಬಣ್ಣ, ಚಿತ್ತಾರ ಆರಿಸಿಕೊಳ್ಳುತ್ತಾಳೆ. ಬಾರ್ಬಿ ಅದನ್ನು ತೊಟ್ಟು ರ‍್ಯಾಂಪ್ ಮೇಲೆ ನಡೆದು ತೋರಿಸುತ್ತಾಳೆ. ಒಪ್ಪಿಗೆಯಾದರೆ ಆ ಉಡುಪನ್ನು ಮನೆಯ ಪ್ರಿಂಟರ್‌ನಲ್ಲಿ ಕಾಗದ ಅಂಟಿಸಿದ ಬಟ್ಟೆಯ ಹಾಳೆಯ ಮೇಲೆ ಮುದ್ರಿಸಿ, ಕತ್ತರಿಸಿ, ಜೋಡಿಸಿ ಮನೆಯಲ್ಲಿರುವ ಗೊಂಬೆಗೇ ತೊಡಿಸಬಹುದು. ಆಟ ಪರದೆಯಲ್ಲಿ ಮುಗಿಯುವುದಿಲ್ಲ, ನೆಲದ ಮೇಲೆ ಮುಂದುವರಿಯುತ್ತದೆ.

ಮನಶ್ಶಾಸ್ತ್ರಜ್ಞೆಯರಾದ ಕಾವೇರಿ ಸುಬ್ರಹ್ಮಣ್ಯಂ ಮತ್ತು ಪೆಟ್ರಿಶಿಯಾ ಗ್ರೀನ್‌ಫೀಲ್ಡ್ ಇದರ ಯಶಸ್ಸಿನ ಗುಟ್ಟನ್ನು ಇಲ್ಲೇ ಕಂಡರು. ಈ ಆಟದಲ್ಲಿ ಕಂಪ್ಯೂಟರ್ ಒಂದು ಉಪಕರಣ, ಹುಡುಗಿಯರು ಮೊದಲಿನಿಂದ ಆಡುತ್ತಿದ್ದ ಗೊಂಬೆಯಾಟಕ್ಕೆ ಸಾಮಾನು ಒದಗಿಸುವ ಸಾಧನ ಎಂಬುದು ಅವರ ವಿಶ್ಲೇಷಣೆ. ಜಸ್ಟಿನ್ ಕ್ಯಾಸೆಲ್ ಮತ್ತು ಹೆನ್ರಿ ಜೆಂಕಿನ್ಸ್ ಸಂಪಾದಿಸಿ 1998ರಲ್ಲಿ ಎಂಐಟಿ ಪ್ರೆಸ್ ಪ್ರಕಟಿಸಿದ ‘ಫ್ರಮ್ ಬಾರ್ಬಿ ಟು ಮಾರ್ಟಲ್ ಕಾಂಬ್ಯಾಟ್’ ಗ್ರಂಥದಲ್ಲಿ ಈ ಪ್ರಬಂಧವಿದೆ. ಈ ವಿಷಯದ ಅಧ್ಯಯನಕ್ಕೆ ಇಂದಿಗೂ ಆ ಗ್ರಂಥವೇ ಮೊದಲ ಮೆಟ್ಟಿಲು.

ಅವರ ವಿಶ್ಲೇಷಣೆಗೆ ನಾನು ಒಂದು ಮಾತು ಸೇರಿಸುತ್ತೇನೆ. ಮ್ಯಾಟೆಲ್‌ಗೆ ಕಪಾಟು ಹುಡುಕುವ ಕಷ್ಟವೇ ಇರಲಿಲ್ಲ. ಆಟಿಕೆ ಅಂಗಡಿಯ ಹುಡುಗಿಯರ ಸಾಲು ಆಗಲೇ ಅದರ ವಶದಲ್ಲಿತ್ತು. ಸಾಫ್ಟ್‌ವೇರ್ ಮಾರುವ ಅಂಗಡಿಯವರು ಬೇಡವೆಂದರೂ ಗೊಂಬೆ ಮಾರುವವರು ಬೇಡವೆನ್ನುವಂತಿರಲಿಲ್ಲ. ಬೇರೆ ಯಾವ ಸಂಸ್ಥೆಗೂ ಈ ಅನುಕೂಲ ಇರಲಿಲ್ಲ.

ಸಂಶೋಧನೆಯ ದಾರಿ

ಪರ್ಪಲ್ ಮೂನ್ ಹುಟ್ಟಿದ್ದು ತೀರಾ ಬೇರೆ ನೆಲದಲ್ಲಿ. ಮೈಕ್ರೋಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಪಾಲ್ ಆ್ಯಲನ್ ಮತ್ತು ಡೇವಿಡ್ ಲಿಡ್ಲ್ 1992ರಲ್ಲಿ ಪಾಲೊ ಆಲ್ಟೊದಲ್ಲಿ ಇಂಟರ್ವಲ್ ರಿಸರ್ಚ್ ಎಂಬ ಪ್ರಯೋಗಾಲಯ ಕಟ್ಟಿದರು. ಅಲ್ಲಿಗೆ ಬಂದ ಬ್ರೆಂಡಾ ಲಾರೆಲ್ ರಂಗಭೂಮಿಯನ್ನು ಓದಿಕೊಂಡವರು, ಅಟಾರಿಯಲ್ಲಿ ದುಡಿದವರು, 1991ರಲ್ಲಿ ‘ಕಂಪ್ಯೂಟರ್ಸ್ ಆ್ಯಸ್ ಥಿಯೇಟರ್’ ಎಂಬ ಪ್ರಸಿದ್ಧ ಗ್ರಂಥ ಬರೆದವರು. ಹುಡುಗಿಯರು ಗೇಮ್‌ಗಳಿಂದ ಏಕೆ ದೂರವಿದ್ದಾರೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅವರ ತಂಡ ವರ್ಷಗಟ್ಟಲೆ ದುಡಿಯಿತು. ಸುಮಾರು ಸಾವಿರ ಮಕ್ಕಳನ್ನು ಮಾತಾಡಿಸಿತು. ಆಟದ ಮೈದಾನ ನೋಡಿಕೊಳ್ಳುವವರನ್ನು, ಶಿಕ್ಷಕರನ್ನು, ಮಕ್ಕಳ ಆಟದ ಬಗೆಗಿನ ವಿದ್ವಾಂಸರನ್ನು ಕೇಳಿತು.

ಬಂದ ಉತ್ತರ ಅನೇಕರ ಊಹೆಯನ್ನು ತಲೆಕೆಳಗು ಮಾಡಿತು. ಹಿಂಸೆ ಇದೆ, ಕಷ್ಟವಾಗುತ್ತದೆ ಎಂಬ ಕಾರಣಕ್ಕಿಂತ ಹೆಚ್ಚಾಗಿ ಹುಡುಗಿಯರಿಗೆ ಆ ಆಟಗಳು ಬೇಸರ ತರಿಸುತ್ತಿದ್ದವು. ಪಾತ್ರಗಳಲ್ಲಿ ಜೀವವಿಲ್ಲ, ಕಥೆ ಟೊಳ್ಳು, ಮಾಡಿದ್ದನ್ನೇ ಮಾಡಬೇಕು. ಅವರ ಕುತೂಹಲ ಇದ್ದದ್ದು ಮನುಷ್ಯ ಸಂಬಂಧಗಳಲ್ಲಿ: ಯಾರು ಯಾರ ಗೆಳತಿ, ಯಾರನ್ನು ಗುಂಪಿನಿಂದ ಹೊರಗಿಟ್ಟರು, ಏಕೆ ಇಟ್ಟರು.

1996ರಲ್ಲಿ ಪರ್ಪಲ್ ಮೂನ್ ಪ್ರತ್ಯೇಕ ಕಂಪನಿಯಾಯಿತು. 1997ರಲ್ಲಿ ಎರಡು ಸೀಡಿಗಳು ಒಟ್ಟಿಗೆ ಹೊರಬಂದವು: ‘ರಾಕೆಟ್ಸ್ ನ್ಯೂ ಸ್ಕೂಲ್’ ಮತ್ತು ‘ಸೀಕ್ರೆಟ್ ಪಾತ್ಸ್ ಇನ್ ದ ಫಾರೆಸ್ಟ್’. ಮೊದಲನೆಯದರಲ್ಲಿ ರಾಕೆಟ್ ಮೊವಾಡೊ ಎಂಬ ಹುಡುಗಿ ಎಂಟನೇ ತರಗತಿಗೆ ವಿಸ್ಲಿಂಗ್ ಪೈನ್ಸ್ ಎಂಬ ಹೊಸ ಶಾಲೆಗೆ ಬಂದಿದ್ದಾಳೆ. ಕಥೆ ಚಿತ್ರಗಳ ಸರಣಿಯಂತೆ ಸಾಗುತ್ತದೆ. ಇಕ್ಕಟ್ಟಿನ ಘಳಿಗೆ ಬಂದಾಗ ಕಥೆ ನಿಂತು, ರಾಕೆಟ್‌ಳ ಮುಖ ಬೇರೆ ಬೇರೆ ಭಾವದಲ್ಲಿ ಕಾಣಿಸುತ್ತದೆ. ಒಂದರಲ್ಲಿ ಧೈರ್ಯ, ಒಂದರಲ್ಲಿ ಅಳುಕು, ಇನ್ನೊಂದರಲ್ಲಿ ಸಿಡುಕು. ಒಂದೊಂದನ್ನೂ ಮುಟ್ಟಿದರೆ ಅವಳ ಮನಸ್ಸಿನೊಳಗಿನ ಮಾತು ಕೇಳುತ್ತದೆ. ಆಡುವವಳು ಆರಿಸಬೇಕಾದದ್ದು ಈ ಭಾವವನ್ನು. ಅದರ ಮೇಲೆ ಮುಂದಿನ ಕಥೆ ನಿಂತಿದೆ. ಬೇಡವಾದರೆ ಹಿಂದಕ್ಕೆ ಹೋಗಿ ಇನ್ನೊಂದು ಭಾವದಿಂದ ನಡೆದು ನೋಡಬಹುದು. ನಡುವೆ ಶಾಲೆಯ ಮೊಗಸಾಲೆಯಲ್ಲಿ ಅಡ್ಡಾಡುತ್ತ ಸಹಪಾಠಿಗಳ ಲಾಕರ್ ತೆರೆದು ಅವರ ಗುಟ್ಟುಗಳನ್ನು ಓದಬಹುದು. ಒರಟಾಗಿ ಕಂಡ ಹುಡುಗಿಗೂ ಒಂದು ಅಳಲಿದೆ ಎಂದು ಅಲ್ಲಿ ತಿಳಿಯುತ್ತದೆ.

ಗೆಲುವು, ಅಂಕ, ಸಾವು ಯಾವುದೂ ಇಲ್ಲದ ಇದನ್ನು ಆಟವೆಂದು ಕರೆಯುವುದು ಹೇಗೆ ಎಂದು ಅಂದಿನ ಕೆಲವು ವಿಮರ್ಶಕರು ಮೂಗು ಮುರಿದರು. ಆದರೆ ಆಯ್ಕೆಗೆ ತಕ್ಕಂತೆ ಕಥೆ ಕವಲೊಡೆಯುವ, ಸಂಭಾಷಣೆಯೇ ಆಟವಾಗುವ ಕೃತಿಗಳಿಗೆ ಇಂದು ದೊಡ್ಡ ಪ್ರಶಸ್ತಿಗಳು ಸಿಗುತ್ತಿವೆ. ಲಾರೆಲ್ ಅವರ ತಂಡ ಹಿಡಿದ ದಾರಿ ಸರಿಯಾಗಿಯೇ ಇತ್ತು ಎಂದು ನಾನು ನಂಬುತ್ತೇನೆ.

ಇನ್ನೊಂದು ದಿಕ್ಕಿನಿಂದ ಬಂದ ಟೀಕೆಗೆ ಹೆಚ್ಚು ತೂಕವಿದೆ. ಗೆಳೆತನ, ಗುಟ್ಟು, ಭಾವನೆ ಇವೇ ಹುಡುಗಿಯರ ಜಗತ್ತು ಎಂದು ಸಂಶೋಧನೆಯ ಮುದ್ರೆಯೊತ್ತಿ ಮಾರುವುದು ಹಳೆಯ ಕಟ್ಟುಪಾಡನ್ನೇ ಗಟ್ಟಿಗೊಳಿಸುವುದಿಲ್ಲವೇ ಎಂದು ಸ್ತ್ರೀವಾದಿಗಳು ಕೇಳಿದರು. ಅದೇ ಕಾಲದಲ್ಲಿ ಕ್ವೇಕ್‌ನಂಥ ಕಾದಾಟದ ಆಟಗಳಲ್ಲಿ ತಂಡ ಕಟ್ಟಿ ಆಡುತ್ತಿದ್ದ ಯುವತಿಯರು, ನಮಗೆ ಬೇರೆ ಆಟ ಬೇಡ, ಇರುವ ಆಟದಲ್ಲಿ ಜಾಗ ಬೇಕು ಎಂದರು. ಕ್ಯಾಸೆಲ್ ಮತ್ತು ಜೆಂಕಿನ್ಸ್ ತಮ್ಮ ಗ್ರಂಥದಲ್ಲಿ ಅವರ ದನಿಗೂ ಎಡೆ ಕೊಟ್ಟದ್ದು ಮೆಚ್ಚತಕ್ಕ ಕೆಲಸ. ಟೀಕೆಯಲ್ಲಿ ಸತ್ಯವಿದೆ. ಆದರೂ ಹತ್ತು ವರ್ಷದ ಹುಡುಗಿಯೊಬ್ಬಳು ಶಾಲೆಯಲ್ಲಿ ದಿನವೂ ಅನುಭವಿಸುವ ಒಳಜಗಳಗಳು ಕಲೆಯ ವಸ್ತುವಾಗಲು ಯೋಗ್ಯ ಎಂದು ಒಂದು ಗೇಮ್ ಕಂಪನಿ ಒಪ್ಪಿಕೊಂಡದ್ದನ್ನು ಆ ಟೀಕೆ ಅಳಿಸಿಹಾಕಲಾರದು.

ಹಾಗಾದರೆ ಮುಚ್ಚಿದ್ದೇಕೆ? ಆರಕ್ಕೂ ಹೆಚ್ಚು ಆಟಗಳನ್ನು ತಂದಿದ್ದ, ಅಂತರಜಾಲ ತಾಣದಲ್ಲಿ ಹುಡುಗಿಯರು ಪರಸ್ಪರ ಪೋಸ್ಟ್‌ಕಾರ್ಡ್ ಕಳಿಸಿಕೊಳ್ಳುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದ ಕಂಪನಿಗೆ ಗಿರಾಕಿಗಳ ಕೊರತೆ ಎನ್ನಲಾಗದು. ಅಂಗಡಿಗಳಲ್ಲಿ ಹುಡುಗಿಯರ ಸಾಫ್ಟ್‌ವೇರ್‌ಗೆ ಸಿಗುತ್ತಿದ್ದ ಜಾಗ ಕಿರಿದು. ಅದರ ಬಹುಪಾಲನ್ನು ಬಾರ್ಬಿಯ ಸಾಲು ಸಾಲು ಡಬ್ಬಿಗಳು ಆಕ್ರಮಿಸಿದ್ದವು. ಇತ್ತ ಹೂಡಿಕೆದಾರರಿಗೆ ಅಂತರಜಾಲದ ಅಮಲು ಏರಿತ್ತು. ಡಬ್ಬಿಯಲ್ಲಿಟ್ಟು ಮಾರುವ ಸೀಡಿಯ ಮೇಲೆ ಇನ್ನಷ್ಟು ಹಣ ಹಾಕಲು ಅವರಿಗೆ ಮನಸ್ಸಿರಲಿಲ್ಲ. 2001ರಲ್ಲಿ ಪ್ರಕಟವಾದ ‘ಯುಟೋಪಿಯನ್ ಆಂತ್ರಪ್ರನರ್’ ಎಂಬ ಕಿರುಗ್ರಂಥದಲ್ಲಿ ಲಾರೆಲ್ ಈ ಕಥೆಯನ್ನು ನೋವಿನಿಂದಲೂ ಪ್ರಾಮಾಣಿಕವಾಗಿಯೂ ಬರೆದಿದ್ದಾರೆ.

ಮುಚ್ಚಿದ ಮರು ತಿಂಗಳೇ ಪರ್ಪಲ್ ಮೂನನ್ನು ಕೊಂಡುಕೊಂಡದ್ದು ಮ್ಯಾಟೆಲ್. ಅದೇ ವರ್ಷ ಮ್ಯಾಟೆಲ್ ಸುಮಾರು 350 ಕೋಟಿ ಡಾಲರ್‌ಗೆ ಲರ್ನಿಂಗ್ ಕಂಪನಿ ಎಂಬ ಶೈಕ್ಷಣಿಕ ಸಾಫ್ಟ್‌ವೇರ್ ಸಂಸ್ಥೆಯನ್ನೂ ತೆಕ್ಕೆಗೆ ತೆಗೆದುಕೊಂಡು ಭಾರಿ ನಷ್ಟಕ್ಕೆ ಸಿಲುಕಿತು. 2000ದ ಫೆಬ್ರವರಿಯಲ್ಲಿ ಮುಖ್ಯಸ್ಥೆ ಜಿಲ್ ಬರಾಡ್ ರಾಜೀನಾಮೆ ಕೊಟ್ಟರು. ಹುಡುಗಿಯರ ಆಟಗಳಲ್ಲಿ ಬಹುಪಾಲು ಒಂದೇ ಮನೆ ಸೇರಿ, ಆ ಮನೆಯೇ ನಷ್ಟದಲ್ಲಿ ಮುಳುಗಿದಾಗ ಇಡೀ ಕ್ಷೇತ್ರ ಸೊರಗಿತು.

ಉಳಿದವರು

ಕಪಾಟನ್ನೇ ಬದಿಗಿಟ್ಟು ದಾಟಿದ ಕಂಪನಿಯೊಂದಿತ್ತು. ‘ಮ್ಯಾಡ್ ಡಾಗ್ ಮೆಕ್‌ಕ್ರೀ’ ಎಂಬ ಬಂದೂಕಿನ ಆಟದಿಂದ ಹೆಸರಾಗಿದ್ದ ಅಮೆರಿಕನ್ ಲೇಸರ್ ಗೇಮ್ಸ್‌ನ ಒಂದು ಶಾಖೆಯಾಗಿ ಹುಟ್ಟಿದ ಹರ್ ಇಂಟರ್‌ಆ್ಯಕ್ಟಿವ್, 1995ರಲ್ಲಿ ‘ಮೆಕೆಂಜಿ ಆ್ಯಂಡ್ ಕೋ’ ಎಂಬ ಹೈಸ್ಕೂಲು ಆಟ ತಂದಿತು. 1998ರಲ್ಲಿ ಅದು 1930ರಿಂದ ಅಮೆರಿಕದ ಹುಡುಗಿಯರು ಓದುತ್ತ ಬಂದಿದ್ದ ನ್ಯಾನ್ಸಿ ಡ್ರೂ ಪತ್ತೇದಾರಿ ಕಾದಂಬರಿಗಳತ್ತ ತಿರುಗಿ ‘ಸೀಕ್ರೆಟ್ಸ್ ಕ್ಯಾನ್ ಕಿಲ್’ ಬಿಡುಗಡೆ ಮಾಡಿತು. ಮುಖ್ಯಸ್ಥೆ ಮೇಗನ್ ಗೇಸರ್ ಎದುರು ದೊಡ್ಡ ಪ್ರಕಾಶಕರು ಕೈಯಲ್ಲಾಡಿಸಿಬಿಟ್ಟಾಗ ಕಂಪನಿ ತಾನೇ ಪ್ರಕಟಿಸಿತು, ಆಗಿನ್ನೂ ಹೊಸದಾಗಿದ್ದ ಅಮೆಜಾನ್‌ನಂಥ ಅಂತರಜಾಲ ಅಂಗಡಿಯ ದಾರಿ ಹಿಡಿಯಿತು.

ಈ ಆಟಗಳಲ್ಲಿ ನ್ಯಾನ್ಸಿ ಕಣ್ಣಿಗೆ ಬೀಳುವುದೇ ಇಲ್ಲ. ಆಡುವವಳ ಕಣ್ಣೇ ಅವಳ ಕಣ್ಣು. ಸಂಶಯಿತರನ್ನು ಪ್ರಶ್ನಿಸಬೇಕು, ಬೀಗದ ಒಗಟು ಬಿಡಿಸಬೇಕು, ತೋಚದಾಗ ಗೆಳತಿಯರಾದ ಬೆಸ್ ಮತ್ತು ಜಾರ್ಜ್‌ಗೆ ಫೋನ್ ಮಾಡಬೇಕು. ಎಡವಿ ಅಪಾಯಕ್ಕೆ ಸಿಕ್ಕಾಗ ‘ಸೆಕೆಂಡ್ ಚಾನ್ಸ್’ ಒತ್ತಿದರೆ ತಪ್ಪು ಮಾಡುವ ಮುಂಚಿನ ಘಳಿಗೆಗೆ ಮರಳಬಹುದು. ಗುಲಾಬಿ ಬಣ್ಣದ ಹಂಗಿಲ್ಲದ, ಬುದ್ಧಿಯನ್ನೇ ನೆಚ್ಚಿದ ಈ ಸರಣಿಯನ್ನು ಅಮ್ಮಂದಿರು ಮಕ್ಕಳ ಜೊತೆ ಕೂತು ಆಡಿದರು. ಬಾರ್ಬಿಯ ಹೊರತು ಬೇರೇನೂ ಮಾರಾಟವಾಗದು ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಜಪಾನಿನಲ್ಲಿ ದಾರಿ ಇನ್ನೂ ಬೇರೆ. ‘ನೊಬುನಾಗಾಸ್ ಆ್ಯಂಬಿಷನ್’ನಂಥ ಐತಿಹಾಸಿಕ ಯುದ್ಧತಂತ್ರದ ಆಟಗಳಿಂದ ಬೆಳೆದ ಕೋಯಿ ಕಂಪನಿಯನ್ನು ಯೋಯಿಚಿ ಎರಿಕಾವಾ ಮತ್ತು ಅವರ ಪತ್ನಿ ಕೇಯ್ಕೊ ಎರಿಕಾವಾ ನಡೆಸುತ್ತಿದ್ದರು. ಹೆಂಗಸರು ಆಡಬಲ್ಲ ಆಟವನ್ನು ಹೆಂಗಸರೇ ತಯಾರಿಸಬೇಕು ಎಂಬುದು ಕೇಯ್ಕೊ ಅವರ ಹಟ. ಅದಕ್ಕಾಗಿ ರೂಬಿ ಪಾರ್ಟಿ ಎಂಬ ಮಹಿಳಾ ತಂಡವನ್ನು ವರ್ಷಗಳ ಕಾಲ ಬೆಳೆಸಿದರು. 1994ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂದ ‘ಅಂಜೆಲಿಕ್’ ಆ ತಂಡದ ಫಲ. ಜಪಾನಿನಲ್ಲಿ ಓಟೊಮೆ ಎಂದು ಕರೆಯುವ ಪ್ರಣಯ ಆಟಗಳ ಪರಂಪರೆಗೆ ಅದೇ ಮೂಲ.

ಪ್ರಣಯ ಎಂದ ಕೂಡಲೇ ಹಗುರವಾಗಿ ಕಾಣಬೇಕಿಲ್ಲ. ರಾಣಿಯ ಪಟ್ಟಕ್ಕೆ ಅಂಜೆಲಿಕ್ ಮತ್ತು ರೊಸಾಲಿಯಾ ಇಬ್ಬರು ಸ್ಪರ್ಧಿಗಳು. ಬೆಳಕು, ಕತ್ತಲೆ, ಗಾಳಿ, ನೀರು, ಬೆಂಕಿ ಮೊದಲಾದ ಒಂಬತ್ತು ಶಕ್ತಿಗಳ ಕಾವಲುಗಾರರ ಮನವೊಲಿಸಿ, ತನ್ನ ಪಾಲಿನ ಭೂಖಂಡಕ್ಕೆ ಯಾವ ಶಕ್ತಿ ಎಷ್ಟು ಬೇಕೆಂದು ಲೆಕ್ಕ ಹಾಕಿ ಜನವಸತಿ ಬೆಳೆಸಬೇಕು. ಕಾವಲುಗಾರನೊಬ್ಬನ ಪ್ರೀತಿಗೆ ಮನಸೋತರೆ ಪಟ್ಟ ಬಿಡಬೇಕು. ಕೋಯಿಯ ಯುದ್ಧತಂತ್ರದ ಅನುಭವವೆಲ್ಲ ಇದರ ಎಲುಬಿನಲ್ಲಿದೆ. ಎರಿಕಾವಾ ದಂಪತಿಗಳಿಗೆ ಇದ್ದ ಅನುಕೂಲ ಲಾರೆಲ್‌ಗೆ ಇರಲಿಲ್ಲ: ಕಂಪನಿ ಅವರದೇ. ಬೇರೆ ಆಟಗಳ ಲಾಭ ಕೈಯಲ್ಲಿದ್ದದ್ದರಿಂದ ಆಡುವವರ ಬಳಗ ನಿಧಾನವಾಗಿ ಕೂಡಿಕೊಳ್ಳುವವರೆಗೆ ಕಾಯಲು ಸಾಧ್ಯವಾಯಿತು. 2000ದಲ್ಲಿ ‘ಹರುಕಾ’, 2003ರಲ್ಲಿ ‘ಲಾ ಕೋರ್ಡಾ ದೋರೋ’ ಬಂದವು. 2021ರಲ್ಲೂ ಅಂಜೆಲಿಕ್ ಸರಣಿಗೆ ಹೊಸ ಆಟ ಸೇರಿತು.

2000ದ ಬಳಿಕದ ಬೆಳವಣಿಗೆಗಳು ಬಹುತೇಕರಿಗೆ ಗೊತ್ತಿರುವಂಥವು. ಸಿಮ್ಸ್ ಬಂತು, ನಿಂಟೆಂಡೊ ಡಿಎಸ್ ಮೇಲೆ ಕುಕಿಂಗ್ ಮಾಮಾ ಮತ್ತು ಯೂಬಿಸಾಫ್ಟ್‌ನ ಇಮ್ಯಾಜಿನ್ ಸರಣಿ ಬಂದವು. ಬ್ರೌಸರ್‌ನಲ್ಲಿ ಆಡುವ ಉಡುಪಿನಾಟಗಳು ಸಾವಿರಾರು ಹುಟ್ಟಿದವು, ಆಮೇಲೆ ಎಲ್ಲವೂ ಫೋನಿಗೆ ಇಳಿದವು. ಬೆಂಗಳೂರಿನ ಸ್ಟುಡಿಯೋಗಳೂ ಈ ಪರಂಪರೆಗೆ ಸೇರಿವೆ, ನ್ಯೂಕ್‌ಬಾಕ್ಸ್ ತಯಾರಿಸಿದ ‘ಫುಡ್ ಟ್ರಕ್ ಶೆಫ್’ ಎಂಬ ಅಡುಗೆ ಆಟ ಅದಕ್ಕೊಂದು ನಿದರ್ಶನ.

ಹುಡುಗಿಯರ ಆಟಗಳ ಚರಿತ್ರೆ ಬರೆಯಹೊರಟವರಿಗೆ ಮೊದಲ ಅಡ್ಡಿ ಆಕರಗಳದು. 2020ರ ಡಿಸೆಂಬರ್ 31ಕ್ಕೆ ಬ್ರೌಸರ್ ಆಟಗಳನ್ನು ನಡೆಸುತ್ತಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಅಡೋಬಿ ಕಂಪನಿ ಬೆಂಬಲ ನಿಲ್ಲಿಸಿದಾಗ ಆ ಉಡುಪಿನಾಟಗಳ ದೊಡ್ಡ ರಾಶಿ ಆಡಲು ಬಾರದಂತಾಯಿತು. ರಾಕೆಟ್‌ಳ ಸೀಡಿ ಇಂದಿನ ಕಂಪ್ಯೂಟರ್‌ನಲ್ಲಿ ತಾನಾಗಿ ನಡೆಯುವುದಿಲ್ಲ. ದಾರಿ ಇಲ್ಲವೆಂದಲ್ಲ: ಥೆರೇಸಾ ಡಂಕನ್ 1995ರಿಂದ 1997ರೊಳಗೆ ತಯಾರಿಸಿದ ‘ಚಾಪ್ ಸೂಯಿ’, ‘ಸ್ಮಾರ್ಟಿ’, ‘ಝೀರೊ ಝೀರೊ’ ಎಂಬ ಮೂರು ಸೊಗಸಾದ ಸೀಡಿಗಳನ್ನು ನ್ಯೂಯಾರ್ಕಿನ ರೈಜೋಮ್ ಸಂಸ್ಥೆ 2015ರಲ್ಲಿ ಯಾರು ಬೇಕಾದರೂ ಬ್ರೌಸರ್‌ನಲ್ಲೇ ಆಡುವಂತೆ ಮಾಡಿತು. ನಮ್ಮ ವಿಶ್ವವಿದ್ಯಾಲಯಗಳ ಮಾಧ್ಯಮ ವಿಭಾಗಗಳು ಮತ್ತು ಮಹಿಳಾ ಅಧ್ಯಯನ ಕೇಂದ್ರಗಳು ಬೆಂಗಳೂರಿನ ಸ್ಟುಡಿಯೋಗಳಲ್ಲಿ ತಯಾರಾದ ಆಟಗಳ ಹಳೆಯ ಆವೃತ್ತಿಗಳನ್ನು ಕೂಡಿಡುವ ಕೆಲಸವನ್ನು, ಅವನ್ನು ತಯಾರಿಸಿದ ಹೆಣ್ಣುಮಕ್ಕಳ ಮಾತುಗಳನ್ನು ಧ್ವನಿಮುದ್ರಿಸಿಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ಆ ತಯಾರಕರು ಇನ್ನೂ ನಮ್ಮ ನಡುವೆ ಇರುವಾಗಲೇ ಇದು ಆಗಬೇಕು.