ವೇದಿಕೆಯ ಮೇಲೆ ಮಹಾಗಾಯಕರ ಮಕ್ಕಳು: ಧಾರವಾಡ ಸೀಮೆಯ ಸಂಗೀತದ ಇನ್ನೊಂದು ಮಗ್ಗುಲು

ಧಾರವಾಡ: ಸಭಾಗೃಹದ ದೀಪಗಳು ಮಂದವಾಗುತ್ತವೆ. ಎರಡು ತಂಬೂರಿಗಳ ಶ್ರುತಿ ಒಂದಾಗುತ್ತದೆ. ನಿರೂಪಕರು ಕಲಾವಿದರ ಹೆಸರಿಗಿಂತ ಮೊದಲು ಅವರ ತಂದೆಯ ಹೆಸರನ್ನೋ ತಾಯಿಯ ಹೆಸರನ್ನೋ ಹೇಳುತ್ತಾರೆ. ಮೊದಲ ಚಪ್ಪಾಳೆ ಬೀಳುವುದು ಆ ಹೆಸರಿಗೇ. ವೇದಿಕೆಯ ಮೇಲೆ ಕುಳಿತ ಕಲಾವಿದ ಇನ್ನೂ ಷಡ್ಜವನ್ನೇ ಹಚ್ಚಿರುವುದಿಲ್ಲ. ಅಷ್ಟರಲ್ಲಿ ಕೇಳುಗರ ಮನಸ್ಸಿನಲ್ಲಿ ಹೋಲಿಕೆ ಆರಂಭವಾಗಿರುತ್ತದೆ.

ಹಿಂದುಸ್ತಾನಿ ಸಂಗೀತದ ತವರೆನಿಸಿದ ಧಾರವಾಡ, ಹುಬ್ಬಳ್ಳಿ, ಗದಗ, ಬೆಳಗಾವಿ ಸೀಮೆಯ ರಸಿಕರಿಗೆ ಈ ದೃಶ್ಯ ಹೊಸತಲ್ಲ. ಮಹಾಗಾಯಕರ ಮಕ್ಕಳು ಹಾಡಿದ ಕಚೇರಿಗಳನ್ನು ಈ ಸೀಮೆ ಕಂಡಿದೆ, ಮೆಚ್ಚಿದೆ, ಕೆಲವೊಮ್ಮೆ ಅನ್ಯಾಯವಾಗಿ ತೂಗಿಯೂ ನೋಡಿದೆ. ಈ ಪರಂಪರೆಯ ಪ್ರಮುಖ ಸಂಗತಿಗಳನ್ನು ಓದುಗರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ.

ರಕ್ತ ಸಂಬಂಧವೋ, ಶಿಷ್ಯ ಸಂಬಂಧವೋ?

ಉತ್ತರ ಭಾರತದಲ್ಲಿ ಘರಾನೆ ಎಂಬ ಮಾತಿಗೆ ಮನೆತನ ಎಂಬುದೇ ಮೂಲ ಅರ್ಥ. ವಿದ್ಯೆ ತಂದೆಯಿಂದ ಮಗನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಇಳಿದು ಬರುತ್ತಿತ್ತು. ಆದರೆ ನಮ್ಮ ಸೀಮೆಯ ಕಥೆ ಬೇರೆ. ಮಲ್ಲಿಕಾರ್ಜುನ ಮನಸೂರ ಅವರು ಧಾರವಾಡದ ಬಳಿಯ ಮನಸೂರು ಗ್ರಾಮದ ಒಕ್ಕಲು ಮನೆತನದವರು. ಭೀಮಸೇನ ಜೋಶಿ (1922-2011) ಅವರ ತಂದೆ ಶಾಲಾ ಶಿಕ್ಷಕರು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರ ವಿದ್ಯೆಯನ್ನು ನಾಡಿನಾಚೆಗೂ ಬೆಳಗಿಸಿದವರು ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್ ಮುಂತಾದ ಶಿಷ್ಯರು. ಆದ್ದರಿಂದ ದೊಡ್ಡ ಗಾಯಕರ ಮಗನೋ ಮಗಳೋ ವೇದಿಕೆ ಏರಿದಾಗ 'ಮನೆತನದ ಹಕ್ಕು' ಎಂಬ ಭಾವನೆಗಿಂತ 'ಗುರುವಿನಿಂದ ಎಷ್ಟು ಪಡೆದಿದ್ದಾರೆ' ಎಂಬ ಪ್ರಶ್ನೆಯೇ ಇಲ್ಲಿನ ಕೇಳುಗರಲ್ಲಿ ಮುಂದಾಗಿರುತ್ತದೆ.

ಇದರಲ್ಲಿ ಒಂದು ಸ್ವಾರಸ್ಯವೂ ಇದೆ. ಮಲ್ಲಿಕಾರ್ಜುನ ಮನಸೂರರು ಮೊದಲು ಮೀರಜಿನ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಅನಂತರ ಅವರಿಗೆ ಜೈಪುರ-ಅತ್ರೌಲಿ ವಿದ್ಯೆ ದೊರೆತದ್ದು ಆ ಘರಾನೆಯ ಪ್ರವರ್ತಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್ ಮತ್ತು ಭೂರ್ಜೀ ಖಾನ್ ಅವರಿಂದ. ಮಂಜೀ ಖಾನರು 1937ರಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ ಮನಸೂರರ ಶಿಕ್ಷಣ ತಮ್ಮನಾದ ಭೂರ್ಜೀ ಖಾನರ ಬಳಿ ಮುಂದುವರಿಯಿತು. ತಂದೆಯ ಕೀರ್ತಿಯ ನೆರಳಿನಲ್ಲಿದ್ದ ಆ ಇಬ್ಬರು ಮಕ್ಕಳು ಇಲ್ಲದಿದ್ದರೆ ಆ ಗಾಯಕಿ ಧಾರವಾಡಕ್ಕೆ ಬರುತ್ತಿತ್ತೇ ಎಂದು ಯೋಚಿಸಬೇಕಾಗುತ್ತದೆ.

ಹಿಂದೆ ಕುಳಿತವರ ದನಿ

ಖಯಾಲ್ ಗಾಯನದಲ್ಲಿ ಮುಖ್ಯ ಗಾಯಕರ ಹಿಂದೆ ತಂಬೂರಿ ಹಿಡಿದು ಕುಳಿತವರು ಕೇವಲ ತಂತಿ ಮೀಟುವವರಲ್ಲ. ಗುರು ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವಾಗ ರಾಗದ ಎಳೆ ಕಡಿಯದಂತೆ ನೋಡಿಕೊಳ್ಳುವವರು ಅವರು. ಗುರು ಬಿಟ್ಟ ಜಾಗದಿಂದ ಎತ್ತಿಕೊಳ್ಳಬೇಕು. ಆದರೆ ಗುರು ಇನ್ನೂ ಮುಟ್ಟದ ಸ್ವರವನ್ನು ತಾವು ಮೊದಲು ಮುಟ್ಟಬಾರದು. ಚೆನ್ನಾಗಿ ಹಾಡಬೇಕು, ಗುರುವಿಗಿಂತ ಮುಂದೆ ಹೋಗಬಾರದು. ಮಹಾಗಾಯಕರ ಮಕ್ಕಳಲ್ಲಿ ಬಹಳಷ್ಟು ಮಂದಿ ಪಳಗಿದ್ದು ಈ ಸಾಥ್‌ನಲ್ಲಿಯೇ.

ಈ ಮಾತಿಗೆ ಕೃಷ್ಣಾ ಹಾನಗಲ್ ಅವರಿಗಿಂತ ದೊಡ್ಡ ನಿದರ್ಶನ ಸಿಗದು. ಗಂಗೂಬಾಯಿ ಹಾನಗಲ್ (1913-2009) ಅವರ ಪುತ್ರಿಯಾದ ಕೃಷ್ಣಾ ದಶಕಗಳ ಕಾಲ ತಾಯಿಯ ಜೊತೆಯಲ್ಲಿ ಹಾಡಿದರು. ತಾಯಿಯದು ಗಂಭೀರವಾದ, ಗಂಡುದನಿಯನ್ನು ಹೋಲುವ ಕಂಠ. ಅದರ ಪಕ್ಕದಲ್ಲಿ ಮಗಳ ದನಿ ಬೇರೆಯಾಗಿಯೇ ಕೇಳುತ್ತಿತ್ತು, ಆದರೂ ರಾಗದ ನಡೆ ಒಂದೇ. ಗಂಗೂಬಾಯಿ ಅವರ ಅನೇಕ ಧ್ವನಿಮುದ್ರಿಕೆಗಳಲ್ಲಿ ಈ ಎರಡೂ ದನಿಗಳಿವೆ. ಸ್ವತಂತ್ರ ಗಾಯಕಿಯಾಗಿ ನಿಲ್ಲುವ ಸಾಮರ್ಥ್ಯವಿದ್ದೂ ಕೃಷ್ಣಾ ತಮ್ಮ ಬದುಕಿನ ಬಹುಭಾಗವನ್ನು ಸಹಗಾಯನಕ್ಕೇ ಮುಡಿಪಿಟ್ಟರು.

ಈ ಮನೆಯಲ್ಲಿ ತ್ಯಾಗ ಒಂದು ತಲೆಮಾರಿನದಲ್ಲ. ಗಂಗೂಬಾಯಿ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ ಅವಳ ಕಂಠಕ್ಕೆ ತನ್ನ ಪದ್ಧತಿಯ ಛಾಯೆ ಬೀಳಬಾರದೆಂದು ಆಕೆ ತನ್ನ ಹಾಡಿಕೆಯನ್ನೇ ಬಿಟ್ಟರು. ತಾಯಿ ಮಗಳಿಗಾಗಿ ಮೌನವಾದರು; ಮುಂದೆ ಆ ಮಗಳ ಮಗಳು ತನ್ನ ತಾಯಿಗಾಗಿ ಹಿಂದಿನ ಸಾಲಿನಲ್ಲಿ ಉಳಿದರು. 2004ರಲ್ಲಿ ಕೃಷ್ಣಾ ಕ್ಯಾನ್ಸರಿನಿಂದ ತೀರಿಕೊಂಡರು. ಗಂಗೂಬಾಯಿ ತಮ್ಮ ಕೊನೆಯ ಕಚೇರಿ ನೀಡಿದ್ದು 2006ರಲ್ಲಿ. ಅಂದು ಅವರ ಪಕ್ಕದಲ್ಲಿ ಆ ದನಿ ಇರಲಿಲ್ಲ.

ಹಿಂದಿನಿಂದ ಮುಂದಕ್ಕೆ

1992ನೆಯ ಇಸವಿ ಕನ್ನಡ ನೆಲದ ಇಬ್ಬರು ಮಹಾಗಾಯಕರನ್ನು ಕರೆದೊಯ್ಯಿತು. ಜನವರಿ 12ರಂದು ಮಧ್ಯಪ್ರದೇಶದ ದೇವಾಸದಲ್ಲಿ ಕುಮಾರ ಗಂಧರ್ವರು ತೀರಿಕೊಂಡರೆ, ಸೆಪ್ಟೆಂಬರ್ 12ರಂದು ಮಲ್ಲಿಕಾರ್ಜುನ ಮನಸೂರರು ಇಹಲೋಕ ತ್ಯಜಿಸಿದರು. ಅದುವರೆಗೆ ಅವರ ಹಿಂದೆ ಕುಳಿತು ಹಾಡಿದ್ದ ಮಕ್ಕಳು ಮುಂದೆ ಬಂದು ಕೂರಬೇಕಾಯಿತು.

ರಾಜಶೇಖರ ಮನಸೂರ (1942-2022) ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ತಂದೆಯ ಆತ್ಮಕಥೆ 'ನನ್ನ ರಸಯಾತ್ರೆ'ಯನ್ನು ಇಂಗ್ಲಿಷಿಗೆ ತಂದವರೂ ಅವರೇ. ಪಾಠ ಹೇಳುವ ವೃತ್ತಿಯ ಜೊತೆಗೇ ವರ್ಷಗಳ ಕಾಲ ತಂದೆಗೆ ಸಾಥ್ ನೀಡಿದ್ದರು. ಜೈಪುರ-ಅತ್ರೌಲಿ ಘರಾನೆಯ ಅಪ್ರಚಲಿತ ರಾಗಗಳ ದೊಡ್ಡ ಭಂಡಾರ ಅವರಲ್ಲಿತ್ತು. ತಂದೆಯ ಕಂಠದ ಅನುಕರಣೆಗಿಂತ ರಾಗದ ಶುದ್ಧಿಯನ್ನು ಕಾಯುವುದೇ ಅವರ ಹಾಡಿಕೆಯ ಗುರಿಯಾಗಿತ್ತೆನ್ನಬಹುದು.

ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಅವರೇ ಕುಮಾರ ಗಂಧರ್ವ. ಅವರ ಮಕ್ಕಳಲ್ಲಿ ಇಬ್ಬರದು ಎರಡು ದಾರಿ. ಮಗಳು ಕಲಾಪಿನಿ ಕೊಂಕಾಳಿ ತಂದೆ ಹಾಗೂ ತಾಯಿ ವಸುಂಧರಾ ಅವರಿಂದ ಕಲಿತು, ತಂದೆಯ ಹಿಂದೆ ತಂಬೂರಿ ಹಿಡಿದು, ಅನಂತರ ಸ್ವತಂತ್ರ ಕಲಾವಿದೆಯಾದರು. ಮಗ ಮುಕುಲ ಶಿವಪುತ್ರ ತಂದೆಯಲ್ಲದೆ ಕೆ. ಜಿ. ಗಿಂಡೆ ಅವರಿಂದ ಧ್ರುಪದ-ಧಮಾರ್ ಹಾಗೂ ಎಂ. ಡಿ. ರಾಮನಾಥನ್ ಅವರಿಂದ ಕರ್ನಾಟಕ ಸಂಗೀತವನ್ನೂ ಕಲಿತವರು. ಪ್ರಚಾರದಿಂದ ದೂರವೇ ಉಳಿದವರು. ಮುಕುಲರ ಪುತ್ರ ಭುವನೇಶ ಕೊಂಕಾಳಿ ಮೂರನೆಯ ತಲೆಮಾರಿನ ಗಾಯಕ.

ಭೀಮಸೇನ ಜೋಶಿ ಅವರ ಪುತ್ರ ಶ್ರೀನಿವಾಸ ಜೋಶಿ ಎಂಜಿನಿಯರಿಂಗ್ ಓದಿ ಸಂಗೀತಕ್ಕೆ ಬಂದವರು. ಗುರುವಿನ ಸ್ಮರಣೆಗಾಗಿ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವದ ಹೊಣೆಯೂ ಮುಂದೆ ಅವರ ಹೆಗಲೇರಿತು. ಇನ್ನೊಬ್ಬ ಮಗ ರಾಘವೇಂದ್ರ ವೃತ್ತಿಗಾಯಕರಾಗಲಿಲ್ಲ. ಅವರು ಮರಾಠಿಯಲ್ಲಿ ಬರೆದ ನೆನಪುಗಳ ಪುಸ್ತಕದ ಶೀರ್ಷಿಕೆಗೆ 'ಹಾಡುವವನ ಪೋರ' ಎಂಬ ಅರ್ಥವಿದೆ. ತಂದೆಯ ವೇದಿಕೆಯಲ್ಲಿ ಜಾಗ ಸಿಗದ ಮಕ್ಕಳೂ ಇರುತ್ತಾರೆ ಎಂಬುದನ್ನು ಆ ಪುಸ್ತಕ ನೆನಪಿಸುತ್ತದೆ.

ಕಾಯುವುದೋ, ಮುರಿಯುವುದೋ?

ಹೆತ್ತವರಂತೆಯೇ ಹಾಡಿದರೆ 'ಬರೀ ನಕಲು' ಎನ್ನುತ್ತಾರೆ. ಬೇರೆಯಾಗಿ ಹಾಡಿದರೆ 'ಮನೆತನದ ಮರ್ಯಾದೆ ಉಳಿಸಲಿಲ್ಲ' ಎನ್ನುತ್ತಾರೆ. ಈ ಇಕ್ಕಟ್ಟಿನಿಂದ ಯಾರೂ ಪಾರಾಗಿಲ್ಲ. ಅಲ್ಲಾದಿಯಾ ಖಾನರ ಶಿಷ್ಯೆ ಮೋಗೂಬಾಯಿ ಕುರ್ಡೀಕರ್ ಅವರ ಮಗಳು ಕಿಶೋರಿ ಅಮೋಣಕರ್ (1932-2017) ತಾಯಿಯಿಂದ ಕಟ್ಟುನಿಟ್ಟಿನ ಶಿಕ್ಷಣ ಪಡೆದೂ ಘರಾನೆಯ ಗೆರೆ ದಾಟಿ ಭಾವಕ್ಕೆ ಪ್ರಾಧಾನ್ಯ ನೀಡಿದರು. ಸಂಪ್ರದಾಯಸ್ಥರ ಟೀಕೆ ಬಂತು. ಕಾಲಕ್ರಮೇಣ ಆ ದಾರಿಯೇ ಮುಂದಿನವರಿಗೆ ಮಾದರಿಯಾಯಿತು. ರಾಜಶೇಖರ ಮನಸೂರರು ಅದೇ ಘರಾನೆಯ ವಿದ್ಯೆಯನ್ನು ಚಾಚೂ ತಪ್ಪದೆ ಕಾಯ್ದರು. ಇಬ್ಬರಲ್ಲಿ ಯಾರು ಸರಿ ಎಂದು ಕೇಳುವುದೇ ಸರಿಯಲ್ಲ. ಕಾಯುವವರಿಲ್ಲದಿದ್ದರೆ ಮುರಿಯಲು ಏನೂ ಉಳಿಯುವುದಿಲ್ಲ.

ಹೆಸರಿನಿಂದ ಅನುಕೂಲ ಇಲ್ಲವೇ ಎಂಬ ಪ್ರಶ್ನೆಯೂ ಇದೆ. ಖಂಡಿತ ಇದೆ. ಹೆಸರಿಲ್ಲದ ಪ್ರತಿಭಾವಂತ ಶಿಷ್ಯ ವರ್ಷಗಟ್ಟಲೆ ಕಾಯುವ ವೇದಿಕೆ ಮಗನಿಗೆ ಬೇಗ ದೊರೆಯುತ್ತದೆ. ಆದರೆ ಹೆಸರು ತಂದುಕೊಡುವುದು ಮೊದಲ ಆಮಂತ್ರಣವನ್ನು ಮಾತ್ರ; ಎರಡನೆಯದನ್ನು ಕಂಠವೇ ಸಂಪಾದಿಸಬೇಕು.

ಕೇಳುಗರು ಗಮನಿಸಬೇಕಾದದ್ದು

ಇಂತಹ ಕಚೇರಿಗೆ ಹೋಗುವವರು ಮೊದಲ ಹತ್ತು ನಿಮಿಷ ಹೋಲಿಕೆಯನ್ನು ಬದಿಗಿಡುವುದು ಒಳಿತು. ಕಂಠದ ಸಾಮ್ಯ ದೇಹದಿಂದ ಬಂದದ್ದು, ಅದು ವಿದ್ಯೆಯಲ್ಲ. ಕಲಾವಿದರು ಯಾವ ರಾಗ ಆರಿಸಿಕೊಂಡರು ಎಂಬುದನ್ನು ಗಮನಿಸಬೇಕು. ತಂದೆಗೆ ಹೆಸರು ತಂದ ರಾಗವನ್ನೇ ಎತ್ತಿಕೊಳ್ಳುವುದು ಧೈರ್ಯವೂ ಆಗಬಹುದು, ಸುಲಭದ ಚಪ್ಪಾಳೆಯ ಆಸೆಯೂ ಆಗಬಹುದು. ಕಿರಾನಾ ಪದ್ಧತಿಯವರಾದರೆ ವಿಲಂಬಿತದಲ್ಲಿ ಒಂದೊಂದೇ ಸ್ವರದ ಬಢತ್ ಹೇಗೆ ಸಾಗುತ್ತದೆ, ಜೈಪುರದವರಾದರೆ ಮಧ್ಯಲಯದಲ್ಲಿ ಆಕಾರದ ಸುತ್ತುಗಳು ಸಮ್‌ಗೆ ಹೇಗೆ ಬಂದು ಸೇರುತ್ತವೆ ಎಂಬುದನ್ನು ಆಲಿಸಬೇಕು. ಕಲಿತದ್ದು ಮುಗಿದು ತಮ್ಮದು ಆರಂಭವಾಗುವ ಒಂದು ಗಳಿಗೆ ಒಳ್ಳೆಯ ಕಚೇರಿಯಲ್ಲಿ ಬಂದೇ ಬರುತ್ತದೆ. ಆ ಗಳಿಗೆಯಲ್ಲಿ ಸಭೆ ಒಂದು ಕ್ಷಣ ತಂದೆಯನ್ನು ಮರೆಯುತ್ತದೆ.

ಕೊನೆಯದಾಗಿ, ವೇದಿಕೆಯ ಮೇಲೆ ಹಿಂದೆ ತಂಬೂರಿ ಹಿಡಿದು ಕುಳಿತವರ ಕಡೆಗೂ ಒಮ್ಮೆ ನೋಡಬೇಕು. ಅಲ್ಲಿ ಮಗನೋ ಮೊಮ್ಮಗಳೋ ಇರಬಹುದು, ದೂರದ ಹಳ್ಳಿಯಿಂದ ಬಂದ ಶಿಷ್ಯನೂ ಇರಬಹುದು. ಮುಂದೆ ಯಾರ ಹೆಸರಿಗೆ ಚಪ್ಪಾಳೆ ಬೀಳಲಿದೆ ಎಂಬುದು ಅಲ್ಲಿಯೇ ನಿರ್ಧಾರವಾಗುತ್ತಿರುತ್ತದೆ.